ಹುತ್ತದ ಮಣ್ಣು

“ನೆಲ ಅಗಿಯೋದಿಲ್ಲ ಅಕ್ಕಾ, ಬೋರ್ ಕೊರೆಯೋದಿಲ್ಲ. ಆ ಹುತ್ತದ ಒಂದು ಹಿಡಿ ಮಣ್ಣು ಸಾಕು. ಗೆದ್ದಲು ಆಳದಿಂದ ತಂದ ಮಣ್ಣದು, ಕೆಳಗೆ ಬಂಗಾರ ಇದ್ದರೆ ಗೊತ್ತಾಗತ್ತೆ,” ಎಂದ ಗಣಿ ಕಂಪನಿಯವನು. “ಅದನ್ನೂ ನಾವಾಗಿ ಮುಟ್ಟೋದಿಲ್ಲ. ನೀವೇ ಕೈಯಾರೆ ಕೊಡಬೇಕು.”

ಫಕೀರವ್ವ ತನ್ನ ಹೊಲದ ಬದುವಿನಲ್ಲಿ ಹುತ್ತಕ್ಕೆ ಅಡ್ಡಲಾಗಿ ನಿಂತಿದ್ದಳು. ಬಂಗಾರ ಸಿಕ್ಕಿದ್ದ ಪಕ್ಕದೂರಿನಲ್ಲಿ ಈಗ ಹೊಲಗಳಿರಲಿಲ್ಲ, ಬರೀ ತಂತಿಬೇಲಿ ಇತ್ತು.

“ಇವತ್ತ ಹಿಡಿ ಮಣ್ಣ ಅಂತಿ, ನಾಳೆ ಊರಿಗೆ ಊರ ನುಂಗ್ತಿ. ನಡೀ ಇಲ್ಲಿಂದ!”

“ಸಿಟ್ಟಾಗಬೇಡಿ ಅಕ್ಕಾ.”

“ಯಾವ ಸೀಮಿ ಅಕ್ಕಲೇ ನಾ ನಿನಗ?”

ಅವಳ ಹಿಂದೆ ನಿಂತಿದ್ದ ಊರ ಹೆಂಗಸರು ಕಿಸಕ್ಕನೆ ನಕ್ಕರು. ಅವನು ಮಾತ್ರ ಕದಲಲಿಲ್ಲ. ಫಕೀರವ್ವನ ಮೈಯೆಲ್ಲ ಉರಿಯಿತು. ನಾಗಪ್ಪನ ಮಣ್ಣು ತೂರಿ ಇಟ್ಟ ಶಾಪ ಸುಳ್ಳಾಗದೆಂದು ಅವಳು ನಂಬಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದವಳೇ, ಹುತ್ತದಿಂದ ಬೊಗಸೆ ಮಣ್ಣು ಬಾಚಿ ಅವನ ತಲೆಯ ಮೇಲೆ ತೂರಿದಳು.

“ನಿನ್ನ ಮನಿ ಹಾಳಾಗ! ನಿನ್ನ ವಂಶ ಮಣ್ಣಾಗ!”

ಅವನು ತಲೆಯನ್ನೂ ಒರೆಸಿಕೊಳ್ಳದೆ, ಮೆಲ್ಲಗೆ ತನ್ನ ಜೀಪಿನತ್ತ ನಡೆದ. ಹೆಂಗಸರು ಕೇಕೆ ಹಾಕಿದರು.

ಜೀಪಿನ ಬಾನೆಟ್ಟಿನ ಮೇಲೆ ಅವನು ಬಿಳಿ ಹಾಳೆಯೊಂದನ್ನು ಹಾಸಿ, ಬಗ್ಗಿ, ಕೂದಲನ್ನು ಹುಷಾರಾಗಿ ಅದರ ಮೇಲೆ ಕೊಡವತೊಡಗಿದ.