ಪಂಜರದೊಳಗಿನ ಎಡಗೈ

ನಾಡಿನಲ್ಲಿ ಸೊಳ್ಳೆಯ ಸಂತತಿಯನ್ನೇ ಅಳಿಸಿ ಇಪ್ಪತ್ತೆರಡು ವರ್ಷವಾಗಿತ್ತು. ಸೊಳ್ಳೆಪರದೆಯನ್ನು ಈಗ ಜನ ಸಂಡಿಗೆ ಒಣಗಿಸುವಾಗ ಕಾಗೆ ಬಾಯಿ ಹಾಕದಂತೆ ಮುಚ್ಚಲು ಬಳಸುತ್ತಿದ್ದರು. ಮುಂದೆ ಬೇಕಾದೀತೆಂದು ಗದಗಿನ ಪ್ರಯೋಗಾಲಯವೊಂದರಲ್ಲಿ ಒಂದೇ ಒಂದು ಪಂಜರದಷ್ಟು ಸೊಳ್ಳೆಗಳನ್ನು ಉಳಿಸಿಕೊಂಡಿದ್ದರು. ಅವಕ್ಕೆ ರಕ್ತ ಕುಡಿಸುವ ಕೆಲಸ ನೀಲವ್ವನದು. ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಎಣ್ಣೆ ಸಾಬೂನು ಸೋಕದ ಎಡಗೈಯನ್ನು ಪಂಜರದೊಳಗಿಟ್ಟು ಹತ್ತು ನಿಮಿಷ ಕೂರುತ್ತಿದ್ದಳು. ಮೊದಮೊದಲು ತುರಿಸುತ್ತಿತ್ತು. ಈಗ ಅದೂ ಇಲ್ಲ.

ಅಂದು ಹೊಸದಾಗಿ ಬಂದ ಕಳಸಾಪುರ ಸಾಹೇಬರು ಹಾಳೆ ಹಿಡಿದು ಬಂದು ಎದುರಿಗೆ ಕೂತರು. ಹೊರಗೆಲ್ಲೂ ಸೊಳ್ಳೆ ಕಂಡರಿಯದ ಹರೆಯದವರು. ಈ ಪಂಜರವನ್ನೂ ನಾಶ ಮಾಡುವುದೋ ಬೇಡವೋ ಎಂದು ಮೇಲಿನವರು ಅಭಿಪ್ರಾಯ ಕೇಳಿದ್ದರು.

“ನಿಮ್ಮ ಮಗಳು ಡೆಂಗಿ ಬಂದು ತೀರಕೊಂಡ್ಳಂತ ಕೇಳೇನಿ, ನೀಲವ್ವಾರ. ನೀವ ಹೇಳ್ರಿ, ಇವನ್ನ ಇಡೂಣೋ, ಸಾಯಿಸೂಣೋ?”

ನೀಲವ್ವ ಗಡಿಯಾರ ನೋಡಿದಳು. “ಏನರ ಬರಕೋರಿ. ಇನ್ನ ನಾಕು ನಿಮಿಷ ಐತಿ, ಕೈ ತಗಿಯಂಗಿಲ್ಲ.”

ಸಾಹೇಬರು ‘ನಾಶಪಡಿಸಬಹುದು’ ಎಂದು ಬರೆದರು. ನೀಲವ್ವ ಕೈ ಅಲುಗಿಸಲಿಲ್ಲ. ಸುಮ್ಮನೆ ಕೂರಲಾಗದೆ ಅವರು ಮತ್ತೆ ಕೇಳಿದರು, “ಅಲ್ಲ, ಹಗಲೊತ್ತಿನ್ಯಾಗ ಯಾಕ ಕುಡಸ್ತೀರಿ? ಸೊಳ್ಳಿ ಕಚ್ಚೂದು ರಾತ್ರಿ ಅಲ್ಲೇನು?”

“ಡೆಂಗಿ ಸೊಳ್ಳಿ ಹಗಲಿಗೇ ಕಚ್ಚತೈತ್ರಿ,” ಎಂದಳು ನೀಲವ್ವ. “ನಂಗೂ ಆವಾಗ ಗೊತ್ತಿರಲಿಲ್ಲ. ದಿನಾ ರಾತ್ರಿ ಪರದೆ ಕಟ್ಟಿ ಮಗಳನ್ನ ಮಲಗಸ್ತಿದ್ದೆ.”