ಅಜ್ಞಾತ ಕವಿಯ ಹೆಂಡತಿ

"ಪದ ಅರ್ಧಕ್ಕಽ ನಿಂತದಲ್ಲ ಶೀತಲಾ! ಕಡೀ ನುಡಿ ಎಲ್ಲಿ?"

ಜತ್ತದ ಕಾಲೇಜಿನ ಗ್ರಂಥಾಲಯದಲ್ಲಿ ಸಾವಿತ್ರವ್ವನ ದನಿ ತುಸು ಜೋರಾಗಿಯೇ ಎದ್ದಿತು. ಪಿಎಚ್.ಡಿ. ಮಾಡುತ್ತಿದ್ದ ಮೊಮ್ಮಗಳು ಶೀತಲ, ಡೊಳ್ಳಿನ ಪದಗಳ ಒಂದು ದಪ್ಪ ಪುಸ್ತಕದಿಂದ ಅಜ್ಜಿ ಹಾಡಿದ್ದ ಪದವನ್ನು ಆಗಷ್ಟೇ ಓದಿ ಮುಗಿಸಿದ್ದಳು. ರೆಫರೆನ್ಸ್ ವಿಭಾಗದ ಪುಸ್ತಕ, ಮನೆಗೆ ಒಯ್ಯಲು ಕೊಡುವುದಿಲ್ಲ. ಅದಕ್ಕೇ ಮುದುಕಿಯನ್ನೇ ತಿಕೋಂಡಿಯಿಂದ ಬಸ್ಸು ಹತ್ತಿಸಿಕೊಂಡು ಬಂದಿದ್ದಳು. ದಾರಿಯುದ್ದಕ್ಕೂ, "ಆಯಿ, ನಮ್ಮ ಸಂಶೋಧನದಾಗ ನಿನಗ ಮೂಲ ಆಕರ ಅಂತಾರ. ಮೊದಲ ನೀನು, ಪುಸ್ತಕ ಆಮ್ಯಾಲೆ," ಎಂದು ಹೊಗಳಿದ್ದೇ ಹೊಗಳಿದ್ದು. "ಹೌದೇಳವ್ವಾ, ಹಲ್ಲಿಲ್ಲದ ಆಕರ," ಎಂದು ಸಾವಿತ್ರವ್ವ ಬಸ್ಸಿನವರೆಲ್ಲ ತಿರುಗಿ ನೋಡುವಂತೆ ನಕ್ಕಿದ್ದಳು.

"ನೀ ಹಾಡಿದ್ದಽ ಇಷ್ಟು, ಆಯಿ. ಪುಸ್ತಕ ಮಾಡಿದ ಸರ್ ಅವರ ಟೇಪು ಇಲ್ಲಿಗೇ ಮುಗದದ."

"ಮತ್ತ ಪದ ಕಟ್ಟಿದವ್ರ ಹೆಸರು?"

ಶೀತಲ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. "ಕವಿ ಅಜ್ಞಾತ ಅಂತ ಅದ. ಅಂದ್ರ, ಯಾರು ಕಟ್ಟ್ಯಾರಂತ ಯಾರಿಗೂ ಗೊತ್ತಿಲ್ಲ."

ಗೊತ್ತಿಲ್ಲವಂತೆ! ಆ ಪದ ಕಟ್ಟಿದವನ ಜೊತೆ ಬಾಳುವೆ ಮಾಡಿದವಳು ಸಾವಿತ್ರವ್ವ. ಕುರಿಯ ಹಿಂದೆ ನಡೆಯುತ್ತ ನುಡಿ ಕಟ್ಟಿ, ಸಂಜೆಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೇ ಮೊದಲು ಹಾಡಿ ತೋರಿಸುತ್ತಿದ್ದ ಪುಣ್ಯಾತ್ಮ. ಎಷ್ಟೋ ವರ್ಷಗಳ ಹಿಂದೆ ಪುಸ್ತಕ ಮಾಡಿದ ಸರ್ ಟೇಪು ಹಿಡಿದು ಊರಿಗೆ ಬಂದಾಗ ಅವನು ಹಿಂಡು ಹೊಡೆದುಕೊಂಡು ಭೀಮಾ ಹೊಳೆಯ ಕಡೆ ಹೋಗಿದ್ದ. ಪದ ಇವಳ ಬಾಯಲ್ಲೇ ಇತ್ತು, ಹಾಡಿದಳು. ಆದರೆ ಡೊಳ್ಳಿನ ಪದದ ಕಡೆಯ ನುಡಿಯಲ್ಲಿ ಕಟ್ಟಿದವನ ಊರು, ಹೆಸರು ಬರಬೇಕು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರುವುದುಂಟೇ? ಮದುವೆಯಲ್ಲಿ ಎಲ್ಲರೂ ಗಂಟುಬಿದ್ದಾಗ ಒಡಪಿನಲ್ಲಿ ಹೊಸೆದು ಒಮ್ಮೆ ಹೇಳಿದ್ದು, ಅಲ್ಲಿಗೆ ಮುಗಿಯಿತು. ಆ ನುಡಿ ಬರುವ ಹೊತ್ತಿಗೆ ಸೆರಗು ಬಾಯಿಗಿಟ್ಟು ಸುಮ್ಮನಾಗಿಬಿಟ್ಟಳು. "ಯಾರು ಕಟ್ಟಿದ್ದು?" ಎಂದು ಸರ್ ಕೇಳಿದರು. ನಮ್ಮ ಮನೆಯವರು ಅಂದಿದ್ದರೂ ಸಾಕಿತ್ತು. ಹಾಳು ನಾಚಿಕೆ! "ಹಿಂದಿನವ್ರು ಹಾಡ್ತಿದ್ರರೀ" ಎಂದಳು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಆಡದೆ ಹೋಗಿತ್ತು.

"ಅದು ನಿಮ್ಮ ಮುತ್ಯಾನ ಪದ," ಎಂದಳು ಸಾವಿತ್ರವ್ವ, ಎಲ್ಲವನ್ನೂ ಹೇಳಿ ಮುಗಿಸಿ. "ಈಗರೆ ತಿದ್ದಸು."

ಶೀತಲಳ ಮುಖ ಇಳಿಯಿತು. ಎದ್ದುಹೋಗಿ ಗ್ರಂಥಪಾಲಕಿ ಅನುರಾಧಾ ಮೇಡಂ ಅವರನ್ನು ಕರೆತಂದಳು. ಒಳ್ಳೆಯ ಹೆಂಗಸು, ಮುದುಕಿಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತರು.

"ಅಜ್ಜಿ, ತಪ್ಪು ತಿಳೀಬ್ಯಾಡ್ರಿ. ಈ ಪುಸ್ತಕ ಬಂದ ಮ್ಯಾಲೆ ಬರದವ್ರೆಲ್ಲಾ ಇದನ್ನಽ ಉಲ್ಲೇಖ ಮಾಡ್ಯಾರ. ಒಬ್ಬರದು ನೋಡಿ ಒಬ್ಬರು, ಅಜ್ಞಾತ ಕವಿ ಅಂತನಽ. ಈಗ ಬ್ಯಾರೆ ಅನ್ನಬೇಕಂದ್ರ ಪುರಾವೆ ಬೇಕ್ರಿ. ಅವರಽ ಹಾಡಿದ ಟೇಪು ಅದನೂ? ಅವರ ಸಂಗಾಟ ಹಾಡಿದವ್ರು ಯಾರರೆ ಅದಾರೇನು?"

ಎಲ್ಲಿಯ ಟೇಪು? ಅವನೂ ಅವನ ಮೇಳದವರೂ ಒಬ್ಬೊಬ್ಬರಾಗಿ ಮಣ್ಣು ಸೇರಿದ್ದರು. ಉಮದಿಯ ಹೊಸ ಮೇಳದ ಹುಡುಗರೋ ಪುಸ್ತಕ ನೋಡಿ ಪದ ಕಲಿತವರು. ಪುಸ್ತಕ ನಿಂತಲ್ಲಿ ಅವರ ಡೊಳ್ಳೂ ನಿಲ್ಲುತ್ತಿತ್ತು.

"ನಾ ಇದ್ದೀನಲ್ರಿ! ಮೂಲ ಆಕರ ನಾನಽ ಅಂತ ಇಕೀನಽ ಅಂದಾಳ."

"ಆ ಮೂಲದಾಗಽ ಹೆಸರಿಲ್ಲ ಆಯಿ," ಎಂದಳು ಶೀತಲ. "ಟೇಪಿನಾಗ ನೀನಽ ಹಿಂದಿನವ್ರು ಅಂದೀದಿ."

ಸಾವಿತ್ರವ್ವ ಮೇಜು ಹಿಡಿದು ಎದ್ದು ನಿಂತಳು. ಸುತ್ತ ಹುಡುಗರು ತಲೆ ಬಗ್ಗಿಸಿ ಓದುತ್ತಿದ್ದರು. ಕಣ್ಣು ಮುಚ್ಚಿ ದನಿ ತೆಗೆದಳು:

"ಕುರಿ ಕಾಯೂ ಕೈಯಾಗ ಡೊಳ್ಳ ಹಿಡದಾನ,
ತಿಕೋಂಡಿ ಅಮಸಿದ್ದ ಪದವ ಕಟ್ಯಾನ."

ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಸುಮ್ಮನಿರಿ ಎಂದು ಯಾರೂ ಅನ್ನಲಿಲ್ಲ. ಹೆಸರು ಬಾಯಿಂದ ಬಿದ್ದದ್ದೇ ಮುದುಕಿ, ತಪ್ಪು ಮಾಡಿದವಳಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕುಳಿತಳು.

"ಹೇಳೀನಿ ನೋಡು. ಬರಿ ಈಗ."

"ಬರೀತೀನಿ ಆಯಿ. ಅಡಿಟಿಪ್ಪಣ್ಯಾಗ. ಪುಟದ ಕೆಳಗ, ಸಣ್ಣ ಅಕ್ಷರದಾಗ."

"ಏನಂತ?"

ಶೀತಲ ನೆಲ ನೋಡಿದಳು. "ಇದು ತನ್ನ ಗಂಡನ ಪದ ಅಂತ ಹಾಡಿದಾಕಿ ಹೇಳ್ತಾಳ, ಆಧಾರ ಸಿಕ್ಕಿಲ್ಲ ಅಂತ. ಅದಕ್ಕಿಂತ ಹೆಚ್ಚಿಗಿ ಬರದ್ರ ನಮ್ಮ ಗೈಡ್ ಸರ್ ಒಪ್ಪಂಗಿಲ್ಲ."

"ಮತ್ತ ಮ್ಯಾಲೆ, ಪದದ ಸಂಗಾಟ?"

"ಅಜ್ಞಾತ ಅಂತನಽ ಇರ್ತದ."

ಅನುರಾಧಾ ಮೇಡಂ ಪುಸ್ತಕ ಮುಚ್ಚಿ ಕಪಾಟಿನ ಕಡೆ ನಡೆದರು. ಸಾವಿತ್ರವ್ವ ಅತ್ತಲೇ ನೋಡುತ್ತ, ಮೊಮ್ಮಗಳಿಗೋ ತನಗೋ ತಿಳಿಯದ ಹಾಗೆ, ಮೆಲ್ಲಗೆ ಅಂದಳು:

"ಹೆಸರು ತಗೊಂಡ್ರ ಗಂಡನ ಆಯುಷ್ಯ ಕಡಿಮಿ ಆಗ್ತದ ಅಂತ ನಮ್ಮವ್ವ ಹೇಳಿದ್ಲು. ನಾ ಆವಾಗ ತಗೊಳ್ಳಲಿಲ್ಲ ನೋಡವ್ವಾ, ಅಂವಾ ಹುಟ್ಟಿದ್ದಽ ಸುಳ್ಳಾತು."