ಮೂರರಿಂದ ನಾಲ್ಕೂವರೆ

ಮಂಗಳವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ಸರ್ವರ್ ಕೋಣೆಯ ಫೋನ್ ಹೊಡೆದುಕೊಂಡಿತು. ಬನಶಂಕರಿ ಗುಡಿಯ ಎದುರಿನ ಕಾಯಿನ್ ಬೂತಿನಿಂದ ಸೇಲ್ಸ್ ವಿಭಾಗದ ಅನ್ನಪೂರ್ಣ.

"ಮೌನೇಶ್ ಸರ್, ನನ್ನ ಆಫೀಸ್ ಫೋನ್ ಕಳದೈತ್ರಿ. ನಿಂಬೆಹಣ್ಣಿನ ದೀಪ ಹಚ್ಚಾಕ ಬಂದಿದ್ದೆ. ನಿಮ್ಮ ಕಾಲಿಗೆ ಬೀಳ್ತೀನಿ, ಅಳಿಸಬ್ಯಾಡ್ರಿ. ಅದ್ರಾಗ ನಮ್ಮವ್ವನ ಧ್ವನಿ ಐತ್ರಿ!"

ಕಂಪನಿಯ ಇಪ್ಪತ್ತೆರಡು ಫೋನುಗಳಿಗೆ ಮೌನೇಶನೇ ಕಾವಲುಗಾರ. ಕಳೆದುಹೋದ ಫೋನಿನಲ್ಲಿರುವುದನ್ನೆಲ್ಲ ಇಲ್ಲಿ ಕುಳಿತೇ ಅಳಿಸಿಹಾಕುವುದು ಅವನ ಕೆಲಸ. ಅನ್ನಪೂರ್ಣಳ ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು. "ಪೂರ್ಣೀ, ಉಂಡೀ ಏನವಾ?" ಎಂದು ಆಕೆ ಕೇಳಿದ ಅರ್ಧ ನಿಮಿಷದ ಧ್ವನಿ ಆ ಫೋನಿನಲ್ಲಿ ಬಿಟ್ಟು ಇನ್ನೆಲ್ಲೂ ಇರಲಿಲ್ಲ. ಬೇರೆ ಕಡೆ ಒಂದು ಪ್ರತಿ ಇಟ್ಟುಕೊಳ್ಳಲು ಅವಳು ಎಷ್ಟೋ ಒದ್ದಾಡಿದ್ದಳು. ಕಂಪನಿ ಫೋನಿನಿಂದ ಏನೂ ಹೊರಗೆ ಹೋಗದಂತೆ ಬಂದೋಬಸ್ತು ಮಾಡಿದ್ದವನೂ ಇದೇ ಮೌನೇಶ. ಭದ್ರತೆ ಅಂದರೆ ಸುಮ್ಮನೆಯೇ?

"ಹುಡುಕ್ರಿ ಮೊದಲ" ಎಂದು ಫೋನ್ ಇಡುವಷ್ಟರಲ್ಲಿ ಮ್ಯಾನೇಜರ್ ಚಕ್ರಪಾಣಿ ಬಾಗಿಲಲ್ಲಿ ನಿಂತಿದ್ದರು.

"ಏನ್ರೀ ಮೌನೇಶ್, ಫೋನ್ ಕಳೆದೋಯ್ತಾ? ಮತ್ತೇನ್ ನೋಡ್ತಿದ್ದೀರಾ, ಅಳಿಸಿ!" ಎಂದು ಗೋಡೆಯ ಮೇಲಿನ ಹಾಳೆ ತೋರಿಸಿದರು. ಕಳೆದ ಫೋನನ್ನು ಹದಿನೈದು ನಿಮಿಷದೊಳಗೆ ಅಳಿಸತಕ್ಕದ್ದು. ಸಿಕ್ಕಿದಲ್ಲಿ ಅದೇ ಫೋನಿನಿಂದ ಕರೆ ಮಾಡಿ ತಿಳಿಸತಕ್ಕದ್ದು. ಕೆಳಗೆ ಅವರದೇ ರುಜು.

ಮೌನೇಶ ಅದರ ಪಕ್ಕದ ಹಾಳೆ ನೋಡಿದ. ಹಿಂದಿನ ವರ್ಷ ಯಾವುದೋ ದುರಸ್ತಿ ಮಾಡಹೋಗಿ ಎರಡು ದಿನ ಮೇಲ್ ನಿಂತುಹೋದಾಗ ಅಂಟಿಸಿದ್ದು. ರಾಹುಕಾಲದಲ್ಲಿ ಸರ್ವರ್ ಮುಟ್ಟಕೂಡದು. ಅದಕ್ಕೂ ಅವರದೇ ರುಜು. ಜನ್ಮದಲ್ಲಿ ರಾಹುಕಾಲ ನೋಡದ ಮೌನೇಶ ಈಗ ಪಕ್ಕದ ಕ್ಯಾಲೆಂಡರಿನಲ್ಲಿ ಅದನ್ನು ಹುಡುಕಿದ.

"ಸಾರ್, ಮಂಗಳವಾರ. ಮೂರರಿಂದ ನಾಲ್ಕೂವರೆ" ಎಂದ, ಆದಷ್ಟು ಭಕ್ತಿಯಿಂದ.

ಚಕ್ರಪಾಣಿ 2008ರ ಪಂಚಾಂಗದ ಕ್ಯಾಲೆಂಡರ್ ನೋಡಿದರು. ಕುಂಕುಮ ಹಚ್ಚಿಸಿಕೊಂಡು ಗುಂಯ್‌ಗುಡುತ್ತಿದ್ದ ಸರ್ವರನ್ನು ನೋಡಿದರು. "ಥತ್! ಕಂಪನಿ ಗುಟ್ಟೆಲ್ಲಾ ಬೀದೀಲಿ ಬಿದ್ದಿದೆಯಲ್ರೀ" ಎನ್ನುತ್ತಾ ಕುರ್ಚಿ ಎಳೆದುಕೊಂಡು ಕುಳಿತರು. "ಸರಿ. ನಾಲ್ಕೂ ಮೂವತ್ತಕ್ಕೆ ಸರಿಯಾಗಿ ಅಳಿಸ್ಬೇಕು. ಒಂದು ನಿಮಿಷ ಆಚೆ ಈಚೆ ಆಗಕೂಡದು."

ಕಳೆದ ಫೋನಿಗೆ ಮೌನೇಶ ಹತ್ತು ಸಲ ಕರೆ ಮಾಡಿದ. ಗುಡಿಯಲ್ಲಿ ಸದ್ದಾಗಬಾರದೆಂದು ಅವಳು ಅದರ ಬಾಯಿ ಮುಚ್ಚಿಸಿದ್ದಳು. ಯಾರೂ ಎತ್ತಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಮತ್ತೆ ಕಾಯಿನ್ ಬೂತಿನಿಂದ ಕರೆ ಬಂತು.

"ಸಿಕ್ಕೈತ್ರಿ ಸರ್! ಆಟೋ ಸ್ಟ್ಯಾಂಡ್ ಎಲ್ಲಾ ಹುಡುಕಿ ಬಂದೆ. ಹೂ ಮಾರೋ ಮಂಗಮ್ಮನ ಬುಟ್ಟಿಯಾಗ ಬಿಟ್ಟಿದ್ದೆ, ಆಕಿ ಎತ್ತಿಟ್ಟಾಳ. ಆದ್ರ ಕೊಡವಲ್ಲಳ್ರಿ! ಕಳಕೊಂಡ ಸಾಮಾನು ರಾಹುಕಾಲದಾಗ ಕೈಗೆ ಕೊಡಬಾರದಂತ. ಮುಗೀಲಿ, ಆಮ್ಯಾಲ ಕೊಡ್ತೀನಿ ಅಂತಾಳ."

ಮೌನೇಶ ಸಾಹೇಬರಿಗೆ ವರದಿ ಒಪ್ಪಿಸಿದ. ಚಕ್ರಪಾಣಿ ಒಂದೇ ಪ್ರಶ್ನೆ ಕೇಳಿದರು. "ಅದೇ ಫೋನಿಂದ ಮಾಡಿದ್ರಾ?"

"ಇಲ್ಲ ಸಾರ್, ಬೂತಿಂದ."

"ಹಾಗಾದ್ರೆ ಇನ್ನೂ ಕಳೆದ ಫೋನೇ ಅದು. ರೂಲ್ಸ್ ಅಂದ್ರೆ ರೂಲ್ಸ್ ಕಣ್ರೀ. ನಾಲ್ಕೂ ಮೂವತ್ತು."

ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಹೆಡ್ ಆಫೀಸು. ಒಳಗೆ ಸಿಗ್ನಲ್ ಸಿಗುವುದಿಲ್ಲವೆಂದು ಕಾರಿಡಾರಿಗೆ ಹೋದರು.

ಮೌನೇಶ ಕೈಗಡಿಯಾರ ನೋಡಿಕೊಂಡ. ನಾಲ್ಕೂ ಇಪ್ಪತ್ತಮೂರು. ಆ ಆಫೀಸಿನಲ್ಲಿ ವಾಚು ಕಟ್ಟುವವನು ಅವನೊಬ್ಬನೇ. ಚಕ್ರಪಾಣಿ ಕಂಪನಿ ಫೋನ್ ಬಂದಂದೇ ವಾಚು ಬಿಚ್ಚಿಟ್ಟಿದ್ದರು. ಎಲ್ಲ ಫೋನುಗಳಿಗೂ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಸಮಯ ಇರಬೇಕು, ಅದು ಸರ್ವರಿನಿಂದಲೇ ಬರಬೇಕು ಎಂಬುದೂ ಅವರದೇ ಹುಕುಂ.

ಇನ್ನೂ ಮೂರು ತಿಂಗಳು ಕಳೆದರೆ ನೌಕರಿ ಖಾಯಂ. ಸಿಕ್ಕಿಬಿದ್ದರೆ ಇವತ್ತೇ ಮನೆ. ಆದರೂ ಆ ಅವ್ವನ ಅರ್ಧ ನಿಮಿಷ ಅಳಿಸುವುದು ಅವನಿಂದಾಗದು. ಸರ್ವರಿನ ಗಡಿಯಾರವನ್ನು ಹತ್ತು ನಿಮಿಷ ಹಿಂದಕ್ಕೆ ತಳ್ಳಿದ.

ಚಕ್ರಪಾಣಿ ಒಳಗೆ ಬಂದು ಫೋನಿನಲ್ಲಿ ಸಮಯ ನೋಡಿದರು, ಪರದೆಯ ಮೇಲೆ ನೋಡಿದರು, ಎರಡೂ ಒಂದೇ ಇದ್ದದ್ದಕ್ಕೆ ಸಮಾಧಾನದಿಂದ ಕುಳಿತರು. ಪರದೆಯಲ್ಲಿ ನಾಲ್ಕೂ ಇಪ್ಪತ್ತಮೂರು ಆಗುವ ಹೊತ್ತಿಗೆ ಮೇಜಿನ ಫೋನ್ ಹೊಡೆದುಕೊಂಡಿತು. ಅನ್ನಪೂರ್ಣ, ತನ್ನದೇ ಫೋನಿನಿಂದ. ಆಕಡೆ ಬರೀ ಅಳು, ನಡುವೆ ಒಂದು "ಸಿಕ್ತ್ರೀ."

"ಅದೇ ಫೋನಿಂದ ಮಾಡಿದ್ದಾರೆ ಸಾರ್."

"ಅಬ್ಬಾ, ಬದುಕಿದೆ!" ಎಂದರು ಚಕ್ರಪಾಣಿ. ಮರುಕ್ಷಣವೇ ಹುಬ್ಬು ಗಂಟಿಕ್ಕಿತು. "ಇನ್ನೂ ರಾಹುಕಾಲ ಮುಗಿದೇ ಇಲ್ಲ, ಆ ಹೂವಿನವಳು ಆಗಲೇ ಕೊಟ್ಬಿಟ್ಲಾ? ಈಗಿನ ಜನಕ್ಕೆ ನಂಬಿಕೆ ಅನ್ನೋದೇ ಇಲ್ಲ ಕಣ್ರೀ."

ಮೌನೇಶ ತಲೆಯಾಡಿಸಿದ.

ಅವರು ರಿಜಿಸ್ಟರ್ ತೆಗೆದು ತಾವೇ ದುಂಡಗೆ ಬರೆದರು: ರಾಹುಕಾಲದಲ್ಲಿ ಯಾರೂ ಸರ್ವರ್ ಮುಟ್ಟದೆ ಇದ್ದುದರಿಂದ ಒಂದು ದೊಡ್ಡ ಅನಾಹುತ ತಪ್ಪಿತು. ಪೆನ್ನನ್ನು ಮೌನೇಶನ ಮುಂದೆ ಹಿಡಿದು, "ಹಾಕಿ ರುಜು" ಎಂದರು.

ಮೌನೇಶ ಪೆನ್ನು ತೆಗೆದುಕೊಳ್ಳಲಿಲ್ಲ. ಪರದೆಯ ಕಡೆ ಬೆರಳು ತೋರಿಸಿದ.

"ಇನ್ನೂ ನಾಲ್ಕು ನಿಮಿಷ ಇದೆ ಸಾರ್."

ಚಕ್ರಪಾಣಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕಣ್ಣಲ್ಲಿ ನೀರೇ ಬಂದಂತಿತ್ತು. "ಭೇಷ್ ಕಣ್ರೀ ಮೌನೇಶ್" ಎಂದು ಬೆನ್ನು ತಟ್ಟಿದರು. "ನಿಮ್ಮಂಥೋರ ಕೈಲಿ ಸರ್ವರ್ ಇದ್ರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ಬೋದು."